ಹಳ್ಳಿಯ ಹಾಲು ತಂಪು ಮಾಡುವ ಯಂತ್ರ: ಶುಚಿತ್ವ ಮತ್ತು ಪಾಲನೆ



ತೋಟಕ್ಕೆ ಗೊಬ್ಬರ ಬೇಕು, ಗೊಬ್ಬರಕ್ಕೆ ದನ ಬೇಕು, ದನದ ಕಾಲಡಿಗೆ ಹಾಕಲು ಬೆಟ್ಟದ ಸೊಪ್ಪು ಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಅಡಿಕೆ ಬೆಳೆಗಾರರ ಹಳೆಯ ಲೆಕ್ಕ ಇದು. ಈ ಲೆಕ್ಕದಲ್ಲಿ ಹಾಲು ಮನೆ ಬಳಕೆಗೆ ಸಿಗುತ್ತಿದ್ದ ಪದಾರ್ಥವೇ ಹೊರತು ಮಾರುವ ಪದಾರ್ಥವಾಗಿರಲಿಲ್ಲ. ಮಿಶ್ರತಳಿ ಹಸುಗಳು ಬಂದ ಮೇಲೆ, ಹಾಲು ಉತ್ಪಾದಕರ ಸಹಕಾರ ಸಂಘಗಳು ಆದ ಮೇಲೆ, ಲೆಕ್ಕ ಬದಲಾಯಿತು. ಅಡಿಕೆಯ ಹಣ ವರ್ಷಕ್ಕೊಮ್ಮೆ ಬರುತ್ತದೆ, ಹಾಲಿನ ಹಣ ಆಗಾಗ ಕೈಗೆ ಬರುತ್ತಿರುತ್ತದೆ. ತೋಟವಿಲ್ಲದ ಸಣ್ಣ ಹಿಡುವಳಿದಾರರಿಗಂತೂ ದಿನಸಿ ಅಂಗಡಿಯ ಬಾಕಿ ತೀರುವುದೇ ಇದರಿಂದ.

ನಮ್ಮ ಮಲೆನಾಡಿನಲ್ಲಿ ಮನೆಗಳು ಒಂದೊಂದು ಕಣಿವೆಯಲ್ಲಿ ಒಂದೊಂದು. ಹಾಲು ಸಂಘಕ್ಕೆ ಬಂದು, ಅಲ್ಲಿಂದ 60-70 ಕಿಲೋಮೀಟರು ದೂರದ ಶಿವಮೊಗ್ಗದ ಕಡೆಗೆ ಹೋಗಿ ಡೇರಿ ಸೇರುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ. 2025ರ ಜುಲೈಯಲ್ಲಿ ಶರಾವತಿ ಹಿನ್ನೀರಿನ ಸೇತುವೆ ತೆರೆಯುವವರೆಗೆ ತುಮರಿ ಕಡೆಯ ವಾಹನಗಳು ಲಾಂಚಿಗಾಗಿ ದಡದಲ್ಲಿ ಕಾಯಬೇಕಾಗಿತ್ತು. ಇಂತಹ ಸೀಮೆಯಲ್ಲಿ ಹಾಲನ್ನು ಹಳ್ಳಿಯಲ್ಲಿಯೇ ತಂಪು ಮಾಡಿ ಇಡುವ ದೊಡ್ಡ ಉಕ್ಕಿನ ತೊಟ್ಟಿ, ಅಂದರೆ ತಾವೆಲ್ಲರೂ ಬಿ.ಎಂ.ಸಿ. ಎಂದು ಕರೆಯುವ ಬಲ್ಕ್ ಮಿಲ್ಕ್ ಕೂಲರ್, ಬಹಳ ಉಪಕಾರಿ. ಆದರೆ ಪಾಲನೆ ಇಲ್ಲದಿದ್ದರೆ ಅದೇ ಯಂತ್ರ ಊರಿನ ಎಲ್ಲ ಮನೆಗಳ ಹಾಲನ್ನೂ ಒಟ್ಟಿಗೇ ಕೆಡಿಸಬಲ್ಲದು.

ಬೇಸಾಯಶಾಸ್ತ್ರ ಓದಿದವನು ಈ ವಿಷಯ ಏಕೆ ಬರೆಯುತ್ತಿದ್ದಾನೆ ಎಂದು ತಮಗೆ ಅನ್ನಿಸಬಹುದು. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಿನಲ್ಲಿ, ಮೇವಿನ ಬೆಳೆಗಳ ಬಗ್ಗೆ ಮಾತನಾಡಲು ಒಂದು ಹಳ್ಳಿಗೆ ಹೋಗಿದ್ದೆ. ಸಂಘದ ಜಗುಲಿಯ ಮೇಲೆ ಸಭೆ. ಮೇವಿನ ಮಾತು ಯಾರಿಗೂ ಬೇಕಾಗಿರಲಿಲ್ಲ. ಹಿಂದಿನ ದಿನ ತೊಟ್ಟಿಯ ಹಾಲನ್ನು ಕುದಿಸಿ ಪರೀಕ್ಷೆ ಮಾಡಿದಾಗ ಒಡೆದು, ಅಷ್ಟೂ ಹಾಲು ತಿರಸ್ಕೃತವಾಗಿತ್ತು. ಯಾರೋ ಹಳಸಿದ ಹಾಲು ಹಾಕಿದ್ದಾರೆಂದು ಕಾರ್ಯದರ್ಶಿ, ಪರೀಕ್ಷೆಯೇ ಸರಿಯಿಲ್ಲವೆಂದು ಸದಸ್ಯರು, ಜಗಳ ನಡೆದಿತ್ತು. ವಯಸ್ಸಾದ ಹೆಂಗಸೊಬ್ಬರು, "ನನ್ನ ಮನೆ ಪಾತ್ರೆಲಿ ಹಾಲು ಒಡೆದಿದ್ದು ನಾ ಕಂಡಿಲ್ಲ ಮಾರಾಯ್ರೇ, ಸಂಘದ ಪೆಟ್ಟಿಗೇಲಿ ಅದು ಹೆಂಗೆ ಒಡೀತು?" ಎಂದು ಕೇಳಿದರು.

ಪ್ರಶ್ನೆ ಸರಿಯಾಗಿತ್ತು. ತೊಟ್ಟಿಯ ಒಳಗೆ ನೋಡಿದೆವು, ಕನ್ನಡಿಯಂತೆ ಹೊಳೆಯುತ್ತಿತ್ತು. ಮಾಪಕ 4 ಡಿಗ್ರಿ ತೋರಿಸುತ್ತಿತ್ತು. ಕೊನೆಗೆ ಹಾಲು ಹೊರಬೀಳುವ ಕೆಳಗಿನ ನಲ್ಲಿಯನ್ನು ಬಿಚ್ಚಿಸಿದಾಗ, ಅದರ ರಬ್ಬರು ಬಳೆಯ ಹಿಂದೆ ಹಳದಿ ಬಣ್ಣದ, ಗಿಣ್ಣಿನಂತಹ ಗಸಿ ಬೆರಳು ದಪ್ಪ ಕೂತಿತ್ತು. ವಾಸನೆ ಹೇಳುವಂತಿರಲಿಲ್ಲ. ಆ ನಲ್ಲಿಯನ್ನು ಯಂತ್ರ ಕೂರಿಸಿದಂದಿನಿಂದ ಯಾರೂ ಬಿಚ್ಚಿರಲಿಲ್ಲ. ಮಾಪಕದ ಕಥೆಯನ್ನು ಮುಂದೆ ಹೇಳುತ್ತೇನೆ.

ತಂಪು ಬೇರೆ, ಶುಚಿ ಬೇರೆ

ಕೆಚ್ಚಲಿನಿಂದ ಹಾಲು ಬರುವಾಗ ಅದರ ಉಷ್ಣತೆ ಸುಮಾರು 37-38 ಡಿಗ್ರಿ ಸೆಂಟಿಗ್ರೇಡ್. ಹಾಲನ್ನು ಹುಳಿ ಮಾಡುವ ಸೂಕ್ಷ್ಮಾಣುಗಳಿಗೆ ಇಂತಹ ಬೆಚ್ಚಗಿನ ಜಾಗವೇ ಹಿತ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾದರೂ ಸಾಕು, ಒಂದು ಸೂಕ್ಷ್ಮಾಣು 4 ಗಂಟೆಯಲ್ಲಿ 256 ಆಗುತ್ತದೆ. ಹೊಸದಾಗಿ ಕರೆದ ಹಾಲಿಗೆ ತನ್ನದೇ ಆದ ರಕ್ಷಣೆ ಸ್ವಲ್ಪ ಇದೆ, ಆದರೆ ಅದು ಒಂದೆರಡು ಗಂಟೆಯ ಮಾತು. ಆದ್ದರಿಂದ ಹಾಲನ್ನು ಬೇಗ 4 ಡಿಗ್ರಿಗೆ ಇಳಿಸಬೇಕು. ಅರ್ಧ ತುಂಬಿದ ತೊಟ್ಟಿಯ ಹಾಲು 35ರಿಂದ 4 ಡಿಗ್ರಿಗೆ ಇಳಿಯಲು ಸುಮಾರು 3 ಗಂಟೆಗಿಂತ ಹೆಚ್ಚು ಹಿಡಿದರೆ ಯಂತ್ರದಲ್ಲಿ ಏನೋ ಕೊರತೆ ಇದೆ ಎಂದು ತಿಳಿಯಬೇಕು.

ತಂಪು ಸೂಕ್ಷ್ಮಾಣುಗಳನ್ನು ಕೊಲ್ಲುವುದಿಲ್ಲ, ಅವುಗಳ ಬೆಳವಣಿಗೆಯನ್ನು ತಡೆಯುತ್ತದೆ, ಅಷ್ಟೇ. ಎಲ್ಲವನ್ನೂ ತಡೆಯುತ್ತದೆಂದೂ ಅಲ್ಲ. ಸೂಡೊಮೊನಾಸ್ ಎಂಬ ಜಾತಿಯವು ಚಳಿಯಲ್ಲಿಯೂ ನಿಧಾನವಾಗಿ ಬೆಳೆಯುತ್ತವೆ. ಇವು ಸರಿಯಾಗಿ ತೊಳೆಯದ ಉಕ್ಕಿನ ಮೇಲೆ ಕಣ್ಣಿಗೆ ಕಾಣದ ಲೋಳೆಯಂತೆ ಹತ್ತಿಕೊಂಡಿದ್ದು, ಪ್ರತಿ ಸಲ ಹಾಲು ಬಿದ್ದಾಗ ಅದಕ್ಕೆ ಸೇರುತ್ತವೆ. ಡೇರಿಯಲ್ಲಿ ಹಾಲನ್ನು 72 ಡಿಗ್ರಿಗೆ 15 ಸೆಕೆಂಡು ಕಾಯಿಸಿದಾಗ ಈ ಸೂಕ್ಷ್ಮಾಣುಗಳೇನೋ ಸಾಯುತ್ತವೆ. ಆದರೆ ಅವು ಆಗಲೇ ಹಾಲಿಗೆ ಬಿಟ್ಟಿರುವ ಕಿಣ್ವಗಳು ಆ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. ಹಾಲು ಕಹಿಯಾಗುವುದು, ಕೊಬ್ಬು ಕಮಟು ವಾಸನೆ ಹಿಡಿಯುವುದು ಹೀಗೆ. ಇಲ್ಲಿ ತೊಳೆಯದೆ ಬಿಟ್ಟದ್ದನ್ನು ಡೇರಿಯಲ್ಲಿ ಸರಿಪಡಿಸಲಾಗುವುದಿಲ್ಲ.

ಹಾಲಿನ ಶುಚಿತ್ವವನ್ನು ಅಳೆಯಲು ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ಪರೀಕ್ಷೆ ಇದೆ. ಸೂಕ್ಷ್ಮಾಣುಗಳು ಹೆಚ್ಚಿದ್ದಷ್ಟೂ ನೀಲಿ ಬೇಗ ಮಾಯವಾಗುತ್ತದೆ. ಬಣ್ಣ 5 ಗಂಟೆ ಅಥವಾ ಹೆಚ್ಚು ಉಳಿದರೆ ಹಾಲು ಅತ್ಯುತ್ತಮ, 3-4 ಗಂಟೆ ಉಳಿದರೆ ಉತ್ತಮ, 1-2 ಗಂಟೆಯಾದರೆ ಸಾಧಾರಣ, ಅರ್ಧ ಗಂಟೆಯಲ್ಲೇ ಹೋದರೆ ಕಳಪೆ. ಸದಸ್ಯರ ಕ್ಯಾನಿನ ಹಾಲಿಗೂ ತೊಟ್ಟಿಯ ಹಾಲಿಗೂ ಒಂದೇ ದಿನ ಈ ಪರೀಕ್ಷೆ ಮಾಡಿಸಿ. ಕ್ಯಾನುಗಳೆಲ್ಲ ಒಳ್ಳೆಯದೆಂದು ಬಂದು ತೊಟ್ಟಿಯದು ಮಾತ್ರ ಕೆಳಗಿಳಿದರೆ, ತಪ್ಪು ಕೊಟ್ಟಿಗೆಯಲ್ಲಿಲ್ಲ, ತೊಟ್ಟಿಯಲ್ಲಿದೆ. ಜಗಳ ಅರ್ಧ ದಿನದಲ್ಲಿ ತೀರುತ್ತದೆ.

ತೊಳೆಯುವ ಕ್ರಮ

ನಮ್ಮ ಅಜ್ಜಿಯರು ಹಾಲಿನ ಪಾತ್ರೆಯನ್ನು ಬೂದಿ ಹಾಕಿ ತಿಕ್ಕುತ್ತಿದ್ದರು, ಹಿತ್ತಾಳೆ ಕೊಡಪಾನವನ್ನು ಹುಣಸೆಹಣ್ಣಿನಿಂದ ಬೆಳಗುತ್ತಿದ್ದರು. ಬೂದಿ ಕ್ಷಾರ, ಅದು ಜಿಡ್ಡನ್ನು ತೆಗೆಯುತ್ತದೆ. ಹುಣಸೆ ಆಮ್ಲ, ಅದು ಕಲೆ ಮತ್ತು ಕಿಲುಬನ್ನು ತೆಗೆಯುತ್ತದೆ. ಬಿ.ಎಂ.ಸಿ. ತೊಳೆಯುವ ವಿಜ್ಞಾನವೂ ಇಷ್ಟೇ. ಹೆಸರುಗಳು ಮಾತ್ರ ಬೇರೆ.

ಟ್ಯಾಂಕರು ಹಾಲು ತುಂಬಿಕೊಂಡು ಹೋದ ತಕ್ಷಣ ತೊಳೆಯಲು ಆರಂಭಿಸಬೇಕು. "ಊಟ ಮಾಡಿ ಬಂದು ತೊಳೆದರಾಯಿತು" ಎನ್ನುವಷ್ಟರಲ್ಲಿ ಹಾಲು ಒಣಗಿ ಅಂಟಿರುತ್ತದೆ. ಮೊದಲು ಯಂತ್ರದ ಮೆಯಿನ್ ಸ್ವಿಚ್ಚನ್ನು ತೆಗೆಯಿರಿ. ಹಾಲು ಕಲಕುವ ರೆಕ್ಕೆ ಇದ್ದಕ್ಕಿದ್ದಂತೆ ತಿರುಗಿ ಕೈಗೆ ಪೆಟ್ಟು ಮಾಡಿಕೊಂಡವರಿದ್ದಾರೆ. ಆಮೇಲೆ ಉಗುರುಬೆಚ್ಚಗಿನ, ಅಂದರೆ 40 ಡಿಗ್ರಿ ಮೀರದ ನೀರಿನಿಂದ, ಕೆಳಗೆ ಬೀಳುವ ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಮೊದಲೇ ಕುದಿಯುವ ನೀರು ಸುರಿಯುವುದು ಎಲ್ಲೆಡೆ ಕಾಣುವ ತಪ್ಪು. ಮೊಟ್ಟೆಯ ಲೋಳೆ ಬಿಸಿಗೆ ಗಟ್ಟಿಯಾಗುವಂತೆ ಹಾಲಿನ ಸಸಾರಜನಕವೂ ಬಿಸಿಗೆ ಬೆಂದು ಉಕ್ಕಿಗೆ ಕಚ್ಚಿಕೊಳ್ಳುತ್ತದೆ.

ಎರಡನೆಯದು ಕ್ಷಾರದ ತೊಳೆತ. ಡೇರಿ ಬಳಕೆಗೆಂದೇ ಮಾಡಿದ ಮಾರ್ಜಕವನ್ನು ಅದರ ಡಬ್ಬಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬಳಸಿ. ಅದು ಸಿಗದ ದಿನ ವಾಷಿಂಗ್ ಸೋಡಾವನ್ನು 10 ಲೀಟರು ಬಿಸಿನೀರಿಗೆ 100 ಗ್ರಾಂನಂತೆ ಹಾಕಬಹುದು. ಪಂಪಿನಿಂದ ನೀರು ಸುತ್ತಿಸುವ ಏರ್ಪಾಡು ಇದ್ದರೆ 65-70 ಡಿಗ್ರಿ ಬಿಸಿ ಇರಲಿ. ಕೈಯಿಂದ ತಿಕ್ಕುವವರಿಗೆ ಅಷ್ಟು ಶಾಖ ತಡೆಯದು, ಕೈಚೀಲ ಹಾಕಿಕೊಂಡು ಉದ್ದ ಹಿಡಿಯ ಬ್ರಶ್ಶಿನಿಂದ ಸುಮಾರು 50 ಡಿಗ್ರಿ ನೀರಿನಲ್ಲಿ ತಿಕ್ಕಲಿ. ನೀರು 40 ಡಿಗ್ರಿಗಿಂತ ಆರಿದರೆ ಕರಗಿದ ಬೆಣ್ಣೆಯಂಶ ಮತ್ತೆ ತೊಟ್ಟಿಗೇ ಅಂಟುತ್ತದೆ, ಮಾಡಿದ ಕೆಲಸ ವ್ಯರ್ಥ. ಬಟ್ಟೆ ಒಗೆಯುವ ಪುಡಿ ಬೇಡ. ಅದರ ನೊರೆ ಹೋಗಲು ವಿಪರೀತ ನೀರು ಬೇಕು, ಸುವಾಸನೆ ಹಾಲಿಗೆ ಹತ್ತುತ್ತದೆ. ಕಬ್ಬಿಣದ ನಾರೂ ಬೇಡ. ಅದು ಉಕ್ಕಿಗೆ ಗೀರು ಹಾಕುತ್ತದೆ, ಮುರಿದ ಎಳೆಗಳು ಉಳಿದು ತುಕ್ಕು ಹಿಡಿಯುತ್ತವೆ. ಸೂಕ್ಷ್ಮಾಣುಗಳು ಮನೆ ಮಾಡುವುದು ಆ ಗೀರುಗಳಲ್ಲಿಯೇ.

ತೊಟ್ಟಿಯ ಅಗಲವಾದ ಗೋಡೆಯನ್ನು ಎಲ್ಲರೂ ತೊಳೆಯುತ್ತಾರೆ. ಹಾಲು ಕೆಡುವುದು ಗೋಡೆಯಿಂದಲ್ಲ. ಮುಚ್ಚಳದ ಕೆಳಮೈ, ಮುಚ್ಚಳದ ಸುತ್ತಲ ರಬ್ಬರು, ಕಲಕುವ ರೆಕ್ಕೆಯ ದಂಡ ಒಳಗೆ ಇಳಿಯುವ ಜಾಗ, ಅಳತೆ ಕೋಲು, ಹೊರಬೀಳುವ ನಲ್ಲಿ, ಟ್ಯಾಂಕರಿಗೆ ಜೋಡಿಸುವ ಕೊಳವೆಯ ಎರಡು ತುದಿ, ಇವುಗಳನ್ನು ನೋಡಿ. ನಲ್ಲಿಯನ್ನು ಪ್ರತಿದಿನ ಬಿಚ್ಚಿ ತೊಳೆಯಬೇಕು, ಎರಡು ನಿಮಿಷದ ಕೆಲಸ. ರಬ್ಬರು ಬಳೆ ಬಿರುಕು ಬಿಟ್ಟಿದ್ದರೆ ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಬದಲಾಯಿಸಬೇಕು. ಸಂಘದಲ್ಲಿ ಒಂದು ಜೊತೆ ಹೊಸ ಬಳೆ ಯಾವಾಗಲೂ ಇರಲಿ. ಇದಕ್ಕೆ ತಗಲುವ ಹಣಕ್ಕೂ ಒಂದು ದಿನದ ಹಾಲು ಚೆಲ್ಲುವ ನಷ್ಟಕ್ಕೂ ಹೋಲಿಕೆಯೇ ಇಲ್ಲ.

ಕ್ಷಾರದ ನಂತರ ಶುದ್ಧ ನೀರಿನಿಂದ ಚೆನ್ನಾಗಿ ಜಾಲಿಸಿ, ನೀರು ಬಸಿದು ಹೋಗಲು ಬಿಡಿ. ವಾರಕ್ಕೊಮ್ಮೆ ಇದರ ಮೇಲೆ ಆಮ್ಲದ ತೊಳೆತ ಬೇಕು. ಹಾಲಿನ ಸುಣ್ಣ ಮತ್ತು ನೀರಿನ ಗಡಸು ಸೇರಿ ಬಿಳಿಯ ಗರುಕು ಪದರವಾಗುತ್ತದೆ. ಒದ್ದೆ ಇರುವಾಗ ಇದು ಕಾಣುವುದಿಲ್ಲ, ತೊಟ್ಟಿ ಒಣಗಿದ ಮೇಲೆ ಬೆರಳಾಡಿಸಿದರೆ ತಿಳಿಯುತ್ತದೆ. ಕ್ಷಾರಕ್ಕೆ ಇದು ಜಗ್ಗದು. ಫಾಸ್ಫಾರಿಕ್ ಅಥವಾ ನೈಟ್ರಿಕ್ ಆಮ್ಲ ಆಧಾರದ ಡೇರಿ ದ್ರಾವಣವನ್ನು ಹೇಳಿದ ಪ್ರಮಾಣಕ್ಕೆ ಮೀರದಂತೆ ಬಳಸಿ. ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಬಾರದು.

ಕೊನೆಯದು ಕ್ಲೋರಿನ್. ಹಾಲು ಹಾಕುವುದಕ್ಕೆ ಸ್ವಲ್ಪ ಮುಂಚೆ, ಶೇಕಡ 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು 10 ಲೀಟರು ತಣ್ಣೀರಿಗೆ 20 ರಿಂದ 40 ಮಿಲಿಲೀಟರು ಬೆರೆಸಿ, ತೊಟ್ಟಿಯ ಒಳಮೈ ಎಲ್ಲ ನೆನೆಯುವಂತೆ ಹಾಯಿಸಿ, ಕೆಲವು ನಿಮಿಷ ಬಿಟ್ಟು ಪೂರ್ತಿ ಬಸಿದುಬಿಡಿ. ಇದರಿಂದ 100 ರಿಂದ 200 ಪಿ.ಪಿ.ಎಂ. ಕ್ಲೋರಿನ್ ಸಿಗುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದೆಂಬ ಭಾವನೆ ತಪ್ಪು. ರಾತ್ರಿಯಿಡೀ ನಿಲ್ಲಿಸಿದರೆ ಕ್ಲೋರಿನ್ ತುಕ್ಕು ಹಿಡಿಯದ ಉಕ್ಕನ್ನೂ ಕೊರೆಯುತ್ತದೆ. ಕೊಳೆ ಇರುವ ತೊಟ್ಟಿಗೆ ಕ್ಲೋರಿನ್ ಹಾಕಿಯೂ ಫಲವಿಲ್ಲ, ಅದು ಕೊಳೆಯೊಡನೆ ಸೇರಿ ತನ್ನ ಶಕ್ತಿ ಕಳೆದುಕೊಳ್ಳುತ್ತದೆ. ಮುಖ್ಯವಾದ ಎಚ್ಚರಿಕೆ: ಆಮ್ಲವನ್ನೂ ಹೈಪೊಕ್ಲೋರೈಟನ್ನೂ ಎಂದಿಗೂ ಬೆರೆಸಬಾರದು, ಒಂದರ ಹಿಂದೆ ಒಂದನ್ನು ಜಾಲಿಸದೆ ಹಾಕಲೂ ಬಾರದು. ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ, ತೊಟ್ಟಿಯೊಳಗೆ ತಲೆ ಬಗ್ಗಿಸಿದವನಿಗೆ ಇದು ಪ್ರಾಣಾಪಾಯ. ಎರಡು ಡಬ್ಬಿಗಳನ್ನು ಬೇರೆ ಬೇರೆ ಕಡೆ, ದೊಡ್ಡ ಅಕ್ಷರದಲ್ಲಿ ಹೆಸರು ಬರೆದು ಇಡಿ.

ನೀರಿನ ಬಗ್ಗೆ ಒಂದು ಮಾತು. ಜಂಬಿಟ್ಟಿಗೆ ನೆಲದ ಕೊಳವೆಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟು. ನೀರು ಬಾವಿಯಿಂದ ಬರುವಾಗ ತಿಳಿಯಾಗಿದ್ದು, ನಿಂತ ಮೇಲೆ ಕೆಂಪಾಗುತ್ತದೆ. ಇಂತಹ ನೀರಿನಲ್ಲಿ ತೊಳೆದರೆ ಕಂದು ಕಲೆ ಕೂರುತ್ತದೆ, ಕ್ಲೋರಿನ್ನಿನ ಒಂದು ಪಾಲನ್ನು ಕಬ್ಬಿಣವೇ ನುಂಗುತ್ತದೆ. ನೀರನ್ನು ಎತ್ತರದಿಂದ ತೊಟ್ಟಿಗೆ ಬೀಳಿಸಿ ಗಾಳಿ ಆಡಿಸಿ, ರಾತ್ರಿ ನಿಲ್ಲಿಸಿ, ಮೇಲಿನ ತಿಳಿಯನ್ನು ಮರಳಿನ ಮೂಲಕ ಸೋಸಿ ಬಳಸಿದರೆ ಬಹುಪಾಲು ತೊಂದರೆ ತಪ್ಪುತ್ತದೆ.

ಬಿಸಿ ಹೊರಹೋಗುವ ಕಡೆ

ತಂಪು ಮಾಡುವ ಯಂತ್ರ ತಂಪನ್ನು ತಯಾರಿಸುವುದಿಲ್ಲ. ಹಾಲಿನ ಶಾಖವನ್ನು ಎತ್ತಿ ಹೊರಗಿನ ಗಾಳಿಗೆ ಹಾಕುತ್ತದೆ. ಹಾಕುವ ಬಾಗಿಲು ಎಂದರೆ ಫ್ಯಾನಿನ ಮುಂದಿರುವ, ತೆಳ್ಳನೆಯ ತಗಡುಗಳ ಜಾಲರಿ, ಕಂಡೆನ್ಸರ್. ಮೊದಲು ಹೇಳಿದ ಹಳ್ಳಿಯಲ್ಲಿ ಯಂತ್ರದ ಪಕ್ಕದ ಕೋಣೆಯಲ್ಲೇ ಅಡಿಕೆ ಸುಲಿಯುತ್ತಿದ್ದರು. ಸಿಪ್ಪೆಯ ನಾರು, ಹುಲ್ಲಿನ ದೂಳು, ಜೇಡರ ಬಲೆ ಸೇರಿ ಜಾಲರಿಯ ಮೇಲೆ ಕಂಬಳಿ ಹೊದಿಸಿದಂತಾಗಿತ್ತು. ಯಂತ್ರ ಬಿಡುವಿಲ್ಲದೆ ಓಡುತ್ತಿತ್ತು, ಕರೆಂಟಿನ ಬಿಲ್ಲು ಏರುತ್ತಿತ್ತು, ಹಾಲು ಮಾತ್ರ ತಣಿಯುತ್ತಿರಲಿಲ್ಲ.

ತಿಂಗಳಿಗೊಮ್ಮೆ, ಅಡಿಕೆ ಕೊಯ್ಲಿನ ಕಾಲದಲ್ಲಿ ವಾರಕ್ಕೊಮ್ಮೆ, ಸ್ವಿಚ್ಚು ತೆಗೆದು ಮೆತ್ತನೆಯ ಬ್ರಶ್ಶಿನಿಂದ ತಗಡುಗಳ ಉದ್ದಕ್ಕೆ ಗುಡಿಸಿ. ಅಡ್ಡಕ್ಕೆ ಉಜ್ಜಿದರೆ ತಗಡು ಮಡಚಿ ಗಾಳಿದಾರಿ ಮುಚ್ಚುತ್ತದೆ. ಯಂತ್ರಕ್ಕೂ ಗೋಡೆಗೂ ಎರಡು ಮೂರು ಅಡಿ ಅಂತರವಿರಲಿ, ಎದುರಿನ ಕಿಟಕಿ ತೆರೆದಿರಲಿ. ಪಶು ಆಹಾರದ ಚೀಲಗಳನ್ನು ಯಂತ್ರಕ್ಕೆ ಒರಗಿಸಿ ಪೇರಿಸುವುದು ನಮ್ಮ ಸಂಘಗಳ ಒಂದು ರೂಢಿ. ಇಲಿಗಳಿಗೂ ಇದು ಬಹಳ ಅನುಕೂಲ, ವೈರು ಕಡಿಯುವುದಕ್ಕೆ.

"ಗ್ಯಾಸು ಖಾಲಿಯಾಗಿದೆ, ತುಂಬಿಸಬೇಕು" ಎಂದು ವರ್ಷವರ್ಷವೂ ಹೇಳುವ ಮೆಕ್ಯಾನಿಕ್ಕನ್ನು ಒಂದು ಪ್ರಶ್ನೆ ಕೇಳಿ: ಎಲ್ಲಿ ಸೋರುತ್ತಿದೆ? ಈ ಅನಿಲ ಪೆಟ್ರೋಲಿನಂತೆ ಉರಿದು ಮುಗಿಯುವ ವಸ್ತುವಲ್ಲ, ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಲೇ ಇರಬೇಕು. ಕೊಳವೆಯ ಬೆಸುಗೆಯಲ್ಲಿ ಎಣ್ಣೆ ಜಿನುಗಿದ್ದರೆ ಅಲ್ಲೇ ಸೋರಿಕೆ. ಅದನ್ನು ಮುಚ್ಚದೆ ತುಂಬಿಸಿದ ಅನಿಲ ಗಾಳಿಗೆ ಹೋದಂತೆ.

ಐಸ್ ಕಟ್ಟುವ ಬಗೆಯ ಯಂತ್ರ

ಕೆಲವು ಯಂತ್ರಗಳು ಹಾಲಿನ ತೊಟ್ಟಿಯನ್ನು ನೇರವಾಗಿ ತಂಪು ಮಾಡುತ್ತವೆ. ಇನ್ನು ಕೆಲವು, ಕರೆಂಟು ಇದ್ದಾಗ ಕೊಳವೆಗಳ ಸುತ್ತ ಐಸ್ ಕಟ್ಟಿಟ್ಟುಕೊಂಡು, ಹಾಲು ಬಂದಾಗ ಆ ಐಸಿನ ನೀರಿನಿಂದ ತಂಪು ಮಾಡುತ್ತವೆ. ರಾಜ್ಯಕ್ಕೆ ಬೆಳಕು ಕೊಡುವ ಲಿಂಗನಮಕ್ಕಿ ಸಾಗರ ತಾಲ್ಲೂಕಿನಲ್ಲೇ ಇದ್ದರೂ ನಮ್ಮ ಹಳ್ಳಿಗಳಿಗೆ ಮಳೆಗಾಲದ ಕತ್ತಲೆ ತಪ್ಪಿಲ್ಲ. ಹೀಗಾಗಿ ಎರಡನೆಯ ಬಗೆಯೇ ನಮ್ಮ ಸೀಮೆಗೆ ಹೊಂದುತ್ತದೆಂದು ನನ್ನ ಅಭಿಪ್ರಾಯ.

ಎಷ್ಟು ಐಸ್ ಬೇಕು? 500 ಲೀಟರು ಹಾಲೆಂದರೆ ಸುಮಾರು 515 ಕಿಲೋ. ಒಂದು ಕಿಲೋ ಹಾಲನ್ನು ಒಂದು ಡಿಗ್ರಿ ಇಳಿಸಲು 0.93 ಕಿಲೋಕ್ಯಾಲೊರಿ ಶಾಖ ತೆಗೆಯಬೇಕು. 35ರಿಂದ 4ಕ್ಕೆ 31 ಡಿಗ್ರಿ, ಒಟ್ಟು ಸುಮಾರು 14,850 ಕಿಲೋಕ್ಯಾಲೊರಿ. ಒಂದು ಕಿಲೋ ಐಸ್ ಕರಗುವಾಗ 80 ಕಿಲೋಕ್ಯಾಲೊರಿ ಹೀರುತ್ತದೆ. ಅಂದರೆ ಸುಮಾರು 185 ಕಿಲೋ ಐಸ್ ಬೇಕು. ರಾತ್ರಿ ಕರೆಂಟು ಹೋಗಿ ಅರ್ಧ ಐಸ್ ಮಾತ್ರ ಕಟ್ಟಿದ್ದರೆ ಬೆಳಗಿನ ಅರ್ಧ ಹಾಲಿಗೆ ಮಾತ್ರ ಸಾಕು. ಕಾರ್ಯದರ್ಶಿಯು ಬೆಳಿಗ್ಗೆ ಮೊದಲು ಐಸಿನ ದಪ್ಪ ನೋಡಿ, ಕಡಿಮೆಯಿದ್ದರೆ ಆಗಲೇ ಜನರೇಟರು ಹಾಕಬೇಕು. ಹಾಲು ಬಂದ ಮೇಲೆ ಯೋಚಿಸಿದರೆ ತಡವಾಯಿತು.

ಐಸ್ ಒಂದು ಕಡೆ ದಪ್ಪ, ಒಂದು ಕಡೆ ತೆಳುವಾಗಿ ಕಟ್ಟುತ್ತಿದ್ದರೆ ನೀರು ಸರಿಯಾಗಿ ಸುತ್ತುತ್ತಿಲ್ಲ, ಪಂಪಿನ ಜರಡಿಯಲ್ಲಿ ಪಾಚಿ ಅಥವಾ ಕಸ ಇರಬೇಕು. ಈ ನೀರು ಹಾಲಿಗೆ ತಾಗುವುದಿಲ್ಲವೆಂದು ವರ್ಷಗಟ್ಟಲೆ ಹಾಗೇ ಬಿಡುತ್ತಾರೆ. ಆರು ತಿಂಗಳಿಗೊಮ್ಮೆ ಐಸ್ ಪೂರ್ತಿ ಕರಗಲು ಬಿಟ್ಟು, ನೀರು ಖಾಲಿ ಮಾಡಿ, ತಳದ ಕೆಸರು ತೆಗೆದು ಹೊಸ ನೀರು ತುಂಬಿ. ಅವಸರಕ್ಕೆ ಹಾರೆ, ಕತ್ತಿ ತೆಗೆದುಕೊಂಡು ಐಸ್ ಒಡೆಯಬೇಡಿ. ಒಳಗಿನ ಕೊಳವೆ ತೂತಾದರೆ ಅನಿಲವೆಲ್ಲ ಹೋಗುತ್ತದೆ.

ಕರೆಂಟು ಮತ್ತು ಮಳೆಗಾಲ

ಆಗುಂಬೆ, ಹುಲಿಕಲ್ಲಿನ ಮಳೆ ತಮಗೆ ಹೇಳಬೇಕಾಗಿಲ್ಲ. ಮರದ ಕೊಂಬೆ ಬಿದ್ದು ಮೂರು ಫೇಸಿನಲ್ಲಿ ಒಂದು ಹೋದರೆ ಕಂಪ್ರೆಸರಿನ ಮೋಟಾರು ಗುಂಯ್‌ಗುಟ್ಟುತ್ತಾ ಕಾದು ಸುಟ್ಟುಹೋಗುತ್ತದೆ. ಇದನ್ನು ತಡೆಯುವ ಸಾಧನ, ಸಿಂಗಲ್ ಫೇಸ್ ಪ್ರಿವೆಂಟರ್, ತಮ್ಮ ಸಂಘದಲ್ಲಿ ಇದೆಯೇ, ಇದ್ದದ್ದನ್ನು ಯಾರಾದರೂ ನೇರ ವೈರು ಹಾಕಿ ತಪ್ಪಿಸಿದ್ದಾರೆಯೇ ನೋಡಿ. ಕರೆಂಟು ಹೋಗಿ ಬಂದ ಕೂಡಲೇ ಯಂತ್ರ ಹಾಕಬಾರದು, ಕೊಳವೆಗಳ ಒತ್ತಡ ಸಮನಾಗಲು 3 ರಿಂದ 5 ನಿಮಿಷ ಬಿಡಬೇಕು. ಜನರೇಟರನ್ನು ಅಗತ್ಯವಿಲ್ಲದಿದ್ದರೂ ವಾರಕ್ಕೊಮ್ಮೆ ಸ್ವಲ್ಪ ಹೊತ್ತು ಓಡಿಸಿ, ಡೀಸೆಲ್ ಎಷ್ಟಿದೆ ನೋಡಿಕೊಳ್ಳಿ. ನೆಲ ಸದಾ ಒದ್ದೆ ಇರುವ ಕೋಣೆಯಾದ್ದರಿಂದ ಅರ್ಥಿಂಗ್ ಸರಿಯಾಗಿರುವುದು ಅತ್ಯಗತ್ಯ.

ಮನೆಯಿಂದ ಸಂಘದವರೆಗೆ

ಕೆಚ್ಚಲು ತೊಳೆದು ಒರೆಸುವುದು, ಮೊದಲ ಧಾರೆಗಳನ್ನು ಬೇರೆ ಬಟ್ಟಲಿಗೆ ಬಿಡುವುದು, ಔಷಧಿ ಕೊಟ್ಟ ಹಸುವಿನ ಹಾಲನ್ನು ಪಶುವೈದ್ಯರು ಹೇಳಿದಷ್ಟು ದಿನ ಹಾಕದಿರುವುದು, ಇವು ತಮಗೆ ಗೊತ್ತಿರುವ ಸಂಗತಿಗಳು. ಸಂಘ ದೂರವಿರುವವರು ಕ್ಯಾನನ್ನು ಅಬ್ಬಿ ನೀರು ಬೀಳುವ ತೊಟ್ಟಿಯಲ್ಲಿ, ಹಾಲಿನ ಮಟ್ಟಕ್ಕಿಂತ ನೀರಿನ ಮಟ್ಟ ಮೇಲಿರುವಂತೆ ಇಟ್ಟು ಆಗಾಗ ಕಲಕಿದರೆ, ಹಾಲು ಹೆಚ್ಚು ಕಡಿಮೆ ಆ ನೀರಿನಷ್ಟೇ ತಣ್ಣಗಾಗುತ್ತದೆ. ಖರ್ಚಿಲ್ಲದ ಉಪಾಯ.

ಹಾಲಿಗೆ ಐಸ್ ತುಂಡು ಹಾಕುವ ಪದ್ಧತಿ ಮಾತ್ರ ಬೇಡ. ಅದು ನೀರು ಬೆರೆಸಿದಂತೆಯೇ. ಅದೂ ಅಲ್ಲದೆ ಮೀನು ಇಡುವ ಐಸ್ ತಿನ್ನುವ ಐಸ್ ಅಲ್ಲ. ಇದನ್ನು ಗುರುತಿಸಲೆಂದೇ, ಪದಾರ್ಥಗಳನ್ನು ಕಾಪಾಡಲು ಮಾತ್ರ ಬಳಸುವ ಐಸಿಗೆ ನೀಲಿ ಬಣ್ಣ ಹಾಕಬೇಕೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಸೂಚಿಸಿತು.

ಮಾಪಕದ ಪರೀಕ್ಷೆ

ಈಗ ಆ ಹಳ್ಳಿಯ ಮಾಪಕದ ಕಥೆ. ಯಾರದೋ ಮನೆಯ ಫ್ರಿಜ್ಜಿನಿಂದ ಐಸ್ ತರಿಸಿ, ಪುಡಿ ಮಾಡಿ, ಸ್ಟೀಲ್ ಲೋಟದಲ್ಲಿ ಐಸ್ ಮುಳುಗುವಷ್ಟು ಮಾತ್ರ ನೀರು ಹಾಕಿ, ಬಿಡಿ ಉಷ್ಣತಾಮಾಪಕವೊಂದನ್ನು ಅದರಲ್ಲಿ ಐದು ನಿಮಿಷ ಇಟ್ಟೆವು. ಸರಿಯಾಗಿ 0 ತೋರಿಸಿತು. ಅದನ್ನೇ ತೊಟ್ಟಿಯ ಹಾಲಿಗೆ ಅದ್ದಿದಾಗ 9 ಡಿಗ್ರಿ ಬಂತು. ಯಂತ್ರದ ಮಾಪಕ ಮಾತ್ರ 4 ಎನ್ನುತ್ತಲೇ ಇತ್ತು. ಎಷ್ಟು ತಿಂಗಳಿಂದ ಹಾಗೆ ಹೇಳುತ್ತಿತ್ತೋ, ದಾಖಲೆ ಪುಸ್ತಕದಲ್ಲಿ ಪ್ರತಿದಿನವೂ 4 ಎಂದೇ ಬರೆದಿತ್ತು.

ತಿಂಗಳಿಗೊಮ್ಮೆ ಈ ಲೋಟದ ಪರೀಕ್ಷೆಯನ್ನು ಇಬ್ಬರು ಸದಸ್ಯರ ಎದುರಿನಲ್ಲಿ ಮಾಡಿ, ಬಂದ ಅಂಕಿಯನ್ನು ಬರೆದು ಸಹಿ ಹಾಕಿಸಿ. ಪುಸ್ತಕದಲ್ಲಿ ಹಾಲು ಹಾಕಿದ ಹೊತ್ತು, 4 ಡಿಗ್ರಿಗೆ ಇಳಿದ ಹೊತ್ತು, ಕರೆಂಟು ಹೋದ ಹೊತ್ತು, ನಲ್ಲಿ ಬಿಚ್ಚಿ ತೊಳೆದವರ ಹೆಸರು, ಇವಕ್ಕೂ ಒಂದೊಂದು ಕಲಂ ಗೆರೆ ಎಳೆದುಕೊಳ್ಳಿ. ತಣಿಯುವ ಹೊತ್ತು ವಾರದಿಂದ ವಾರಕ್ಕೆ ಹದಿನೈದು ನಿಮಿಷ ಹೆಚ್ಚುತ್ತಾ ಬಂದರೆ ಮೊದಲು ಕಂಡೆನ್ಸರನ್ನು ಗುಡಿಸಿ ನೋಡಿ. ಆಗಲೂ ಸರಿಹೋಗದಿದ್ದರೆ ಮೆಕ್ಯಾನಿಕ್ಕಿಗೆ ಹೇಳಿಕಳಿಸಿ.